ಯಂತ್ರಕಂಪನ ಮತ್ತು ಕುಳಿತು ದುಡಿಯುವವರ ಬೆನ್ನೆಲುಬು

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಾರ್ಖಾನೆಗಳು ಸ್ಥಾಪನೆಗೊಂಡ ವರ್ಷಗಳನ್ನೂ ಹೂಡಿದ ಬಂಡವಾಳವನ್ನೂ ತಯಾರಾದ ಸರಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆ ಕಾರ್ಖಾನೆಗಳಿಗೂ ಕಚೇರಿಗಳಿಗೂ ದಿನವೂ ಜನರನ್ನು ಮುಟ್ಟಿಸುವ ಬಸ್ಸು ಚಾಲಕರು, ಸರಕನ್ನು ಸಾಗಿಸುವ ಲಾರಿ ಚಾಲಕರು, ಉಗ್ರಾಣಗಳಲ್ಲಿ ಫೋರ್ಕ್‌ಲಿಫ್ಟ್ ನಡೆಸುವವರು ಇಂಥ ಚರಿತ್ರೆಗಳಲ್ಲಿ ಅಪರೂಪವಾಗಿ ಕಾಣಿಸುತ್ತಾರೆ. ಅವರ ಮೈಮೇಲೆ ಈ ಬೆಳವಣಿಗೆಯಿಂದಾದ ಪರಿಣಾಮವಂತೂ ಕಾಣಿಸುವುದೇ ಇಲ್ಲ. ಕುಳಿತ ಆಸನದ ಮೂಲಕ ಮೈಯನ್ನೆಲ್ಲ ಹೊಗುವ ಯಂತ್ರಕಂಪನವು ಬೆನ್ನೆಲುಬನ್ನು ಹೇಗೆ ಬಾಧಿಸುತ್ತದೆ ಎಂಬುದು ಪ್ರಕೃತ ಲೇಖನದ ಮೊದಲನೆಯ ಪ್ರಶ್ನೆ. ಆ ಬಾಧೆ ನಮ್ಮ ದಾಖಲೆಗಳಲ್ಲಿ ಏಕೆ ಕಾಣುವುದಿಲ್ಲ ಎಂಬುದು ಎರಡನೆಯದು. ಈ ಲೇಖಕನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಆದುದರಿಂದ ಮೊದಲನೆಯ ಪ್ರಶ್ನೆಗೆ ತಜ್ಞರು ಕಂಡುಕೊಂಡಿರುವುದನ್ನು ಸಂಗ್ರಹಿಸಿ ಹೇಳಿ, ಎರಡನೆಯದನ್ನು ತುಸು ವಿಸ್ತಾರವಾಗಿ ವಿಚಾರಿಸಲಾಗಿದೆ.

೧. ದೂರ ಬೆಳೆದ ಬಗೆ

ಬೆಂಗಳೂರಿನಲ್ಲಿ ನಗರಸಾರಿಗೆಗಾಗಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಸ್ಥಾಪನೆಯಾದದ್ದು ೧೯೪೦ರಲ್ಲಿ. ಅದೇ ವರ್ಷ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ ಆರಂಭವಾಯಿತು. ೧೯೫೬ರಲ್ಲಿ ನಗರದ ಬಸ್ಸುಗಳು ಸರ್ಕಾರದ ವಶವಾಗಿ ಬಿ.ಟಿ.ಎಸ್. ಎಂಬ ಹೆಸರು ಬಂದಿತು. ಈಗಿನ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ೧೯೯೭ರಲ್ಲಿ ಪ್ರತ್ಯೇಕವಾಗಿ ರೂಪುಗೊಂಡಿತು. ಈ ಅವಧಿಯಲ್ಲಿ ದುಡಿಮೆಯ ಸ್ಥಳಗಳು ಊರಿನಿಂದ ಹೊರಹೊರಕ್ಕೆ ಸರಿಯುತ್ತ ಹೋದವು. ೧೯೫೦ರ ದಶಕದಲ್ಲಿ ಜಾಲಹಳ್ಳಿಯ ಕಡೆ ದೊಡ್ಡ ಸರ್ಕಾರಿ ಕಾರ್ಖಾನೆಗಳು ಎದ್ದವು. ೧೯೭೦ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರ ಒಕ್ಕಲು ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ ೧೯೯೦ರ ದಶಕದಲ್ಲಿ ತಂತ್ರಾಂಶೋದ್ಯಮದ ನೆಲೆಯಾಯಿತು.

ಈ ವಿಸ್ತರಣೆಯ ಫಲವನ್ನು ನಾವು ಸಾಮಾನ್ಯವಾಗಿ ಪ್ರಯಾಣಿಕನ ದೃಷ್ಟಿಯಿಂದ ನೋಡಿ ಹಾದಿ ದೂರವಾಯಿತೆನ್ನುತ್ತೇವೆ. ಚಾಲಕನಿಗಾದರೋ ಹಾದಿಯೇ ದುಡಿಮೆಯ ಸ್ಥಳ. ಪ್ರಯಾಣಿಕನು ಆಸನದಲ್ಲಿ ಕಳೆಯುವುದು ಒಂದೆರಡು ಗಂಟೆ. ಚಾಲಕನು ಅದೇ ರಸ್ತೆಯಲ್ಲಿ ಅದೇ ಆಸನದ ಮೇಲೆ ಇಡೀ ಪಾಳಿಯನ್ನು ಕಳೆಯಬೇಕು. ಮೆಟ್ರೋ ರೈಲು ಪೀಣ್ಯಕ್ಕೆ ೨೦೧೪ರಲ್ಲಿಯೂ ವೈಟ್‌ಫೀಲ್ಡಿಗೆ ೨೦೨೩ರಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಲ್ಲಿಯೂ ತಲುಪಿರುವುದರಿಂದ ಅನೇಕ ಪ್ರಯಾಣಿಕರ ಆಯಾಸ ಕಡಿಮೆಯಾಗಿದೆ. ಆದರೆ ನಿಲ್ದಾಣದಿಂದಾಚೆಗೆ ಜನರನ್ನು ಕರೆದೊಯ್ಯುವ ಬಸ್ಸುಗಳೂ, ಕಂಪನಿಗಳ ಬಾಡಿಗೆ ವಾಹನಗಳೂ, ಸರಕಿನ ಲಾರಿಗಳೂ ರಸ್ತೆಯ ಮೇಲೆಯೇ ಉಳಿದಿವೆ.

೨. ಕಂಪನ ಮತ್ತು ಬೆನ್ನೆಲುಬು

ಬೆನ್ನೆಲುಬು ಒಂದರ ಮೇಲೊಂದು ಕೂರಿಸಿದ ಮಣಿಗಳ ಕಂಬ. ಸೊಂಟದ ಭಾಗದಲ್ಲಿ ಐದು ದಪ್ಪ ಮಣಿಗಳಿದ್ದು, ಮೈಯ ಮೇಲ್ಭಾಗದ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಎರಡು ಮಣಿಗಳ ನಡುವೆ ವೈದ್ಯರು ಡಿಸ್ಕ್ ಎಂದು ಕರೆಯುವ ಮೆತ್ತನೆಯ ಬಿಲ್ಲೆಯಿದೆ. ಇದರ ಹೊರಸುತ್ತು ಗಟ್ಟಿಯಾದ ನಾರುಗಳ ಪದರ, ಒಳಗಿನದು ನೀರಿನಂಶ ಹೆಚ್ಚಾಗಿರುವ ತಿರುಳು. ವಯಸ್ಕರ ಬಿಲ್ಲೆಯ ಒಳಭಾಗಕ್ಕೆ ನೇರವಾದ ರಕ್ತನಾಳಗಳಿಲ್ಲ. ಪಕ್ಕದ ಮಣಿಗಳಿಂದ ಜಿನುಗಿ ಬರುವ ಪೋಷಣೆಯೇ ಅದಕ್ಕೆ ಆಧಾರ. ಆದುದರಿಂದ ಒಮ್ಮೆ ಘಾಸಿಗೊಂಡರೆ ಅದು ಚರ್ಮದಂತೆ ಬೇಗ ಮಾಯುವುದಿಲ್ಲ. ಹೊರಸುತ್ತು ಬಿರಿದು ತಿರುಳು ಹೊರಚಾಚಿದರೆ ನರದ ಬೇರು ಒತ್ತಿಹೋಗಿ, ಸೊಂಟದಿಂದ ಕಾಲಿನವರೆಗೆ ಸೆಳೆಯುವ ನೋವುಂಟಾಗುತ್ತದೆ. ಈ ಸಂಬಂಧವನ್ನು ಅಮೆರಿಕದ ಬೋಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ೧೯೩೪ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು.

ನಿಂತಾಗ ಸೊಂಟದ ಬಳಿ ಬೆನ್ನು ಸಹಜವಾಗಿ ಒಳಬಾಗಿರುತ್ತದೆ. ಕುಳಿತಾಗ ಕಟಿಯ ಎಲುಬು ಹಿಂದಕ್ಕೆ ತಿರುಗಿ ಈ ಬಾಗು ಚಪ್ಪಟೆಯಾಗುತ್ತದೆ. ನಿಂತವನ ಮೊಣಕಾಲು ಮತ್ತು ಹಿಮ್ಮಡಿಗಳು ರಸ್ತೆಯ ಹೊಡೆತವನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತವೆ. ಕುಳಿತವನಿಗೆ ಆ ಅನುಕೂಲವಿಲ್ಲ. ಆಸನಕ್ಕೆ ತಾಗಿದ ಹೊಡೆತ ನೆಟ್ಟಗೆ ಬೆನ್ನನ್ನು ಏರುತ್ತದೆ. ಗುಂಡಿ ಬಂದಾಗ ಬಸ್ಸಿನಲ್ಲಿ ನಿಂತಿರುವ ನಿರ್ವಾಹಕರು ಮೊಣಕಾಲನ್ನು ತುಸು ಬಗ್ಗಿಸಿಕೊಳ್ಳುವುದನ್ನು ಯಾರೂ ಗಮನಿಸಬಹುದು. ಎರಡೂ ಪಾದಗಳು ಕೀಲುಪಟ್ಟಿಗಳ ಮೇಲಿರುವ ಚಾಲಕರು ಹಾಗೆ ಮಾಡಲಾರರು.

ಪ್ರತಿಯೊಂದು ವಸ್ತುವಿಗೂ ಅದಕ್ಕೆ ಸಹಜವಾದ ಒಂದು ಕಂಪನದ ಲಯವುಂಟು. ಹೊರಗಿನ ಕಂಪನವು ಆ ಲಯಕ್ಕೆ ಹೊಂದಿದರೆ ವಸ್ತುವಿನ ಅಲುಗಾಟ ಹಲವು ಪಟ್ಟು ಹೆಚ್ಚುತ್ತದೆ. ಇದನ್ನು ಭೌತಶಾಸ್ತ್ರದಲ್ಲಿ ಅನುರಣನೆ ಎನ್ನುತ್ತಾರೆ. ಉಯ್ಯಾಲೆಯನ್ನು ಅದು ಮರಳುವ ಸಮಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಬಲದಿಂದಲೂ ಅದು ಎತ್ತರಕ್ಕೆ ಏರುವುದು ಇದೇ ತತ್ತ್ವದಿಂದ. ಕುಳಿತ ಮನುಷ್ಯನ ಮುಂಡವು ಮೇಲೆಕೆಳಗೆ ಅಲುಗುವಾಗ ಈ ಲಯ ಸುಮಾರು ೪ರಿಂದ ೬ ಹರ್ಟ್ಸ್, ಎಂದರೆ ಸೆಕೆಂಡಿಗೆ ನಾಲ್ಕರಿಂದ ಆರು ಸಲ. ರಸ್ತೆಯ ಮೇಲಿನ ಭಾರಿ ವಾಹನಗಳ ಕಂಪನಶಕ್ತಿಯಲ್ಲಿ ಗಣನೀಯವಾದ ಪಾಲು ಇದರ ಆಸುಪಾಸಿನಲ್ಲಿಯೇ ಇದೆ. ಹೀಗಾಗಿ ಆಸನದಲ್ಲಿ ಅಳೆದದ್ದಕ್ಕಿಂತ ಹೆಚ್ಚಿನ ಅಲುಗಾಟ ಸೊಂಟದ ಮಣಿಗಳಲ್ಲಿ ಉಂಟಾಗಬಹುದು. ಬೆನ್ನಿನ ಸ್ನಾಯುಗಳು ಅದನ್ನು ತಡೆಯಲು ಬಿಗಿಯುತ್ತವೆ. ಕಂಪನ ತ್ವರಿತವಾದಾಗ ಅವುಗಳ ಬಿಗಿತ ಹೊಡೆತದ ಕ್ಷಣಕ್ಕೆ ಸರಿಹೊಂದದೆ, ನೆರವಾಗುವ ಬದಲು ಭಾರವನ್ನೇ ಹೆಚ್ಚಿಸುವುದುಂಟು. ಬಹುಕಾಲ ಹೀಗೆ ದುಡಿದ ಸ್ನಾಯುಗಳು ದಣಿಯುತ್ತವೆ. ಲಾರಿಯನ್ನು ಗಂಟೆಗಟ್ಟಲೆ ನಡೆಸಿ ಬಂದವನು ಇಳಿದ ಕೂಡಲೇ ಮೂಟೆಯನ್ನೆತ್ತಲು ಬಗ್ಗುವುದು ಅಪಾಯಕರವೆಂದು ಹೇಳುವುದು ಇದರಿಂದಲೇ.

ಹಡಗಿನವರ ಅನುಭವವನ್ನು ಇಲ್ಲಿ ಹೋಲಿಸಿ ನೋಡುವುದು ಉಪಯುಕ್ತ. ದೊಡ್ಡ ಹಡಗು ಅಲೆಗಳ ಮೇಲೆ ನಿಧಾನವಾಗಿ ಏರಿ ಇಳಿಯುವ ಲಯವು ೦.೫ ಹರ್ಟ್ಸ್‌ಗಿಂತ ಕಡಿಮೆ. ಅದರಿಂದ ತಲೆಸುತ್ತೂ ವಾಕರಿಕೆಯೂ ಬರುತ್ತವೆಯೇ ಹೊರತು ಬೆನ್ನೆಲುಬಿಗೆ ಅಷ್ಟಾಗಿ ಪೆಟ್ಟಿಲ್ಲ. ಅತಿವೇಗದ ಸಣ್ಣ ದೋಣಿಗಳ ಸಂಗತಿ ಬೇರೆ. ಅಲೆಯ ತುದಿಯಿಂದ ಜಿಗಿದು ನೀರಿಗೆ ಅಪ್ಪಳಿಸಿದಾಗಲೆಲ್ಲ ಆಸನದಲ್ಲಿ ಕುಳಿತ ನಾವಿಕನ ಸೊಂಟಕ್ಕೆ ಗುದ್ದು ಬೀಳುತ್ತದೆ. ಇಂಥ ದೋಣಿಗಳಿಗೆ ಹೊಡೆತವನ್ನು ತಗ್ಗಿಸುವ ವಿಶೇಷ ಆಸನಗಳನ್ನು ರೂಪಿಸಿರುವುದು ಈ ಕಾರಣದಿಂದ. ಬಸ್ಸಿನ ಚಾಲಕರಿಗೂ ಇಂಥ ನಾವಿಕರಿಗೂ ಇರುವ ಸಾಮ್ಯ ಇಷ್ಟು: ಇಬ್ಬರೂ ಕುಳಿತೇ ದುಡಿಯಬೇಕು, ಮುಂದಿನ ಹಾದಿಯಿಂದ ಕಣ್ಣು ತೆಗೆಯುವಂತಿಲ್ಲ, ಆಸನವನ್ನು ಬಿಟ್ಟೇಳುವಂತಿಲ್ಲ.

ನಮ್ಮ ರಸ್ತೆಗಳಲ್ಲಿ ಅಲೆಯ ಸ್ಥಾನವನ್ನು ಗುಂಡಿಗಳೂ ಉಬ್ಬುಗಳೂ ವಹಿಸಿಕೊಂಡಿವೆ. ಭಾರತೀಯ ರಸ್ತೆ ಕಾಂಗ್ರೆಸ್ಸು ೧೯೮೮ರಲ್ಲಿ ಸೂಚಿಸಿದ ರಸ್ತೆಯುಬ್ಬಿನ ಅಳತೆ ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ. ಗಂಟೆಗೆ ಸುಮಾರು ೨೫ ಕಿಲೋಮೀಟರು ವೇಗದಲ್ಲಿ ದಾಟಲು ತಕ್ಕುದು. ಇದೇ ಎತ್ತರವನ್ನು ಒಂದಡಿಯಷ್ಟು ಅಗಲದಲ್ಲಿ ತುರುಕಿದರೆ ಅದು ಉಬ್ಬಾಗಿರದೆ ಗೋಡೆಯಾಗುತ್ತದೆ. ಎಂಜಿನ್ ಮುಂಭಾಗದಲ್ಲಿ, ಚಾಲಕರ ಎಡಪಕ್ಕದಲ್ಲಿಯೇ ಇರುವ ಬಸ್ಸುಗಳಲ್ಲಿ ರಸ್ತೆಯ ಹೊಡೆತದ ಜೊತೆಗೆ ಎಂಜಿನ್ನಿನ ನಡುಕವೂ ಬಿಸಿಯೂ ಸದ್ದೂ ಸೇರಿಕೊಳ್ಳುತ್ತವೆ. ೨೦೨೧ರಿಂದೀಚೆಗೆ ನಗರದಲ್ಲಿ ಓಡುತ್ತಿರುವ ವಿದ್ಯುತ್ ಬಸ್ಸುಗಳಲ್ಲಿ ಎಂಜಿನ್ನಿನ ನಡುಕವಿಲ್ಲ. ರಸ್ತೆಯ ಹೊಡೆತವಾದರೋ ಉಳಿದೇ ಇದೆ. ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡಿನ ಕಂಟೇನರು ಅಂಗಳದ ಸುತ್ತಣ ಉಗ್ರಾಣಗಳಲ್ಲಿಯೂ ಓಡಾಡುವ ಫೋರ್ಕ್‌ಲಿಫ್ಟುಗಳ ಚಕ್ರ ಚಿಕ್ಕದು, ಟೈರು ಅನೇಕ ವೇಳೆ ಗಾಳಿಯಿಲ್ಲದ ಗಟ್ಟಿ ರಬ್ಬರು. ಅವನ್ನು ನಡೆಸುವವರು ಹಿಂದುಹಿಂದಕ್ಕೆ ಚಲಿಸುವಾಗ ಬೆನ್ನನ್ನು ತಿರುಚಿ ಕೂರಬೇಕಾಗುತ್ತದೆ. ಕಂಪನವೂ ತಿರುಚೂ ಕೂಡಿದರೆ ಬಾಧೆ ಹೆಚ್ಚು.

೩. ಅಳತೆಯ ಮಾತು

ಮೈಗೆ ತಗಲುವ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಕ್ರಮವೊಂದು ೧೯೭೪ರಲ್ಲಿ ಪ್ರಕಟವಾಗಿ ೧೯೯೭ರಲ್ಲಿ ಪರಿಷ್ಕೃತವಾಯಿತು. ಐ.ಎಸ್.ಓ. ೨೬೩೧ ಎಂಬುದು ಅದರ ಸಂಖ್ಯೆ. ಚಪ್ಪಟೆಯಾದ ಒಂದು ಅಳತೆಬಿಲ್ಲೆಯನ್ನು ಆಸನದ ಮೇಲಿಟ್ಟು ಅದರ ಮೇಲೆ ಚಾಲಕರನ್ನು ಕೂರಿಸಿ, ಮೂರು ದಿಕ್ಕುಗಳಲ್ಲಿಯೂ ವೇಗೋತ್ಕರ್ಷವನ್ನು ಗುರುತಿಸಿಕೊಳ್ಳುತ್ತಾರೆ. ಮೈಗೆ ಹೆಚ್ಚು ತಾಕುವ ಲಯಗಳಿಗೆ ಹೆಚ್ಚಿನ ಬೆಲೆಯನ್ನು ಕೊಟ್ಟು ಲೆಕ್ಕ ಹಾಕುತ್ತಾರೆ. ಯುರೋಪಿನ ಒಕ್ಕೂಟವು ೨೦೦೨ರ ತನ್ನ ನಿರ್ದೇಶದಲ್ಲಿ ಎಂಟು ಗಂಟೆಗಳ ದುಡಿಮೆಗೆ ಎರಡು ಮಿತಿಗಳನ್ನು ಹಾಕಿತು. ಸೆಕೆಂಡಿನ ವರ್ಗಕ್ಕೆ ೦.೫ ಮೀಟರನ್ನು ಮೀರಿದರೆ ಮಾಲೀಕನು ತಗ್ಗಿಸುವ ಕ್ರಮ ಕೈಗೊಳ್ಳಬೇಕು, ೧.೧೫ ಮೀಟರನ್ನು ಮೀರಲೇಕೂಡದು. ಅದೇ ನಿರ್ದೇಶವು ಸಮುದ್ರಯಾನ ಮತ್ತು ವಿಮಾನಯಾನಗಳಿಗೆ ತಕ್ಕ ಕಾರಣವಿದ್ದಲ್ಲಿ ಎರಡನೆಯ ಮಿತಿಯಿಂದ ವಿನಾಯಿತಿಯನ್ನು ಕೊಡಲು ಅವಕಾಶವಿತ್ತಿದೆ. ನಾವಿಕರ ಬೆನ್ನನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದು ಇದರಿಂದಲೇ ತಿಳಿದುಬರುತ್ತದೆ.

ಈ ಲೆಕ್ಕದಲ್ಲಿ ಕಾಲಕ್ಕೂ ತೀವ್ರತೆಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ಗಮನಿಸಬೇಕು. ತೀವ್ರತೆ ಎರಡು ಪಟ್ಟಾದರೆ ಅದೇ ಮಿತಿಯನ್ನು ಮುಟ್ಟಲು ಕಾಲ ನಾಲ್ಕನೆಯ ಒಂದಂಶ ಸಾಕು. ೦.೫ರ ಕಂಪನವನ್ನು ಎಂಟು ಗಂಟೆ ತಾಳಿದ್ದೂ ೧.೦ರ ಕಂಪನವನ್ನು ಎರಡು ಗಂಟೆ ತಾಳಿದ್ದೂ ಒಂದೇ. ೦.೬ರಷ್ಟು ಅಲುಗುವ ಆಸನದಲ್ಲಿ ಎಂಟರ ಬದಲು ಹತ್ತು ಗಂಟೆ ಕುಳಿತರೆ, ಎಂಟು ಗಂಟೆಗೆ ಇಳಿಸಿದ ಬೆಲೆ ಸುಮಾರು ೦.೬೭ಕ್ಕೆ ಏರುತ್ತದೆ. ಬಿಡಿಬಿಡಿಯಾದ ಗುದ್ದುಗಳನ್ನು ಲೆಕ್ಕ ಹಾಕುವ ಇನ್ನೊಂದು ಕ್ರಮದಲ್ಲಿ ತೀವ್ರತೆಯ ಬೆಲೆ ಮತ್ತೂ ಹೆಚ್ಚು. ಅಲ್ಲಿ ಗುದ್ದಿನ ಬಲ ಇಮ್ಮಡಿಯಾದರೆ ಕಾಲ ಹದಿನಾರು ಪಟ್ಟಾದಂತೆ. ದಿನಕ್ಕೆ ಹತ್ತಾರು ಕೆಟ್ಟ ಗುಂಡಿಗಳನ್ನು ತಪ್ಪಿಸಿದರೂ ಬೆನ್ನಿಗೆ ಗಣ್ಯವಾದ ಲಾಭವಿದೆ ಎಂದು ಇದರ ಅರ್ಥ.

೪. ಸಾಕ್ಷ್ಯ ಮತ್ತು ಸಂದೇಹ

ಅಮೆರಿಕದಲ್ಲಿ ಕೆಲ್ಸಿ ಮತ್ತು ಹಾರ್ಡಿ ಎಂಬ ಸಂಶೋಧಕರು ೧೯೭೫ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ಅರ್ಧ ಅಥವಾ ಅದಕ್ಕೂ ಹೆಚ್ಚು ಕಾಲವನ್ನು ವಾಹನ ನಡೆಸುತ್ತ ಕಳೆಯುವ ಗಂಡಸರಲ್ಲಿ ಸೊಂಟದ ಬಿಲ್ಲೆ ಜಾರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಬೊವೆಂಜಿ ಮತ್ತು ಹುಲ್ಶಾಫ್ ಅವರು ೧೯೯೯ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕಂಪನಕ್ಕೊಳಗಾದ ಚಾಲಕರಲ್ಲಿ ಸೊಂಟನೋವು ಹೆಚ್ಚೆಂಬ ನಿರ್ಣಯಕ್ಕೆ ಬಂದರು. ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಬಾಟಿಯೆ ಮತ್ತು ಸಂಗಡಿಗರು ಫಿನ್ಲೆಂಡಿನ ೪೫ ಏಕರೂಪಿ ಅವಳಿ ಜೋಡಿಗಳನ್ನು ಪರೀಕ್ಷಿಸಿ ೨೦೦೨ರಲ್ಲಿ ಫಲಿತವನ್ನು ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿಯೂ ಒಬ್ಬನು ಇನ್ನೊಬ್ಬನಿಗಿಂತ ಬಹಳ ಹೆಚ್ಚು ಕಾಲ ವಾಹನ ನಡೆಸಿದವನಾಗಿದ್ದರೂ, ಬಿಲ್ಲೆಗಳ ಸವೆತದಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಹಾಗಾದರೆ ಚಾಲಕರ ನೋವು ಸುಳ್ಳೇ? ಹಾಗಲ್ಲ. ಚಿತ್ರದಲ್ಲಿ ಕಾಣುವ ಸವೆತವೂ ಮನುಷ್ಯನು ಅನುಭವಿಸುವ ನೋವೂ ಒಂದೇ ಅಲ್ಲವೆಂಬುದನ್ನು ಈಗ ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಂಪನದೊಡನೆ ನಿಶ್ಚಲವಾಗಿ ಕೂರುವಿಕೆ, ತಿರುಚು, ಭಾರವೆತ್ತುವಿಕೆ, ವಯಸ್ಸು, ಮನಸ್ಸಿನ ಒತ್ತಡ ಇವೆಲ್ಲ ಕೂಡಿಕೊಂಡಿರುವುದರಿಂದ ಒಂದರ ಪಾಲನ್ನು ಬೇರ್ಪಡಿಸುವುದು ಸುಲಭವಲ್ಲ.

ಇತಿಹಾಸದ ವಿದ್ಯಾರ್ಥಿಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ತೊಡಕೂ ಇಲ್ಲಿದೆ. ನಮ್ಮ ಕೈಗೆ ಸಿಕ್ಕುವುದು ಉಳಿದುಬಂದ ಆಧಾರಗಳು ಮಾತ್ರ, ಅಳಿದುಹೋದವು ಮಾತನಾಡುವುದಿಲ್ಲ. ಇಂದು ಬಸ್ಸು ನಡೆಸುತ್ತಿರುವ ಐವತ್ತು ವರ್ಷದ ಚಾಲಕರನ್ನು ಪರೀಕ್ಷಿಸಿ ಆರೋಗ್ಯವಂತರೆಂದು ಹೇಳಿದರೆ, ನಲವತ್ತಕ್ಕೇ ಸೊಂಟ ಹಿಡಿದು ಆಸನವನ್ನು ಬಿಟ್ಟವರು ಆ ಲೆಕ್ಕದಲ್ಲಿ ಇರುವುದಿಲ್ಲ. ನೋವಿದ್ದವರು ತೊರೆದು, ತಾಳಬಲ್ಲವರೇ ಉಳಿದ ಗುಂಪನ್ನು ನೋಡಿ ಆ ಕೆಲಸ ನಿರಪಾಯಕರವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಇದನ್ನು ನಿವಾರಿಸಲು ಹೋಲಿಕೆಯ ಗುಂಪನ್ನು ಜಾಣತನದಿಂದ ಆರಿಸಬೇಕು, ಬಿಟ್ಟುಹೋದವರನ್ನೂ ಹುಡುಕಿ ಕೇಳಬೇಕು. ಜೆರ್ರಿ ಮಾರಿಸ್ ಅವರು ೧೯೫೩ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ, ಕುಳಿತ ಚಾಲಕರಲ್ಲಿ ಹೃದಯರೋಗ ಹೆಚ್ಚೆಂದು ತೋರಿಸಿದರು. ಒಂದೇ ಬಸ್ಸು, ಒಂದೇ ರಸ್ತೆ, ಒಂದೇ ಪಾಳಿ; ಒಬ್ಬರು ಕುಳಿತವರು, ಇನ್ನೊಬ್ಬರು ಓಡಾಡುವವರು. ಬೆನ್ನೆಲುಬಿನ ವಿಷಯದಲ್ಲಿಯೂ ಅಂಥದೇ ಹೋಲಿಕೆ ನಮ್ಮ ನಗರದಲ್ಲಿ ಸಾಧ್ಯ.

೫. ದಿನಾಂಕವಿಲ್ಲದ ಗಾಯ

ಬೆನ್ನೆಲುಬಿನ ಬಾಧೆ ನ್ಯಾಯಾಲಯದ ಮೆಟ್ಟಲೇರಿದ್ದು ಹೊಸದಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು ೧೮೬೪ರಲ್ಲಿ. ಅದಾದ ಎರಡು ವರ್ಷಗಳಿಗೆ, ೧೮೬೬ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಎರಿಕ್‌ಸನ್ನನು ರೈಲು ಅಪಘಾತಗಳಿಂದ ಬೆನ್ನುಹುರಿಗಾಗುವ ಬಾಧೆಯನ್ನು ಕುರಿತ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದನು. ಹೊರಗೆ ಗಾಯವಿಲ್ಲದ ಪ್ರಯಾಣಿಕನ ನೋವನ್ನು ನಂಬಬೇಕೇ ಎಂಬ ವಾದ ಅಲ್ಲಿ ಬಹುಕಾಲ ನಡೆಯಿತು. ೧೮೮೩ರಲ್ಲಿ ಹರ್ಬರ್ಟ್ ಪೇಜನು ಇಂಥ ನೋವುಗಳಲ್ಲಿ ಹಲವು ಹೆದರಿಕೆಯಿಂದ ಹುಟ್ಟಿದವೆಂದು ವಾದಿಸಿದನು. ಈ ವಿವಾದದಲ್ಲಿ ಒಂದು ಅಂಶ ಗಮನಾರ್ಹ. ಅಲ್ಲಿ ಪರಿಹಾರವನ್ನು ಕೇಳಿದ ಪ್ರಯಾಣಿಕನಿಗೆ ಕೊನೆಯಪಕ್ಷ ಒಂದು ಅಪಘಾತವಿತ್ತು, ಅದಕ್ಕೊಂದು ದಿನಾಂಕವಿತ್ತು. ಇಪ್ಪತ್ತು ವರ್ಷ ವಾಹನವನ್ನು ನಡೆಸಿದ ಚಾಲಕರಿಗೆ ಅಂಥ ದಿನಾಂಕವಿಲ್ಲ. ಅವರ ಗಾಯ ಒಂದೇ ದಿನ ಆದುದಲ್ಲ.

ಕಾನೂನಿನ ದೃಷ್ಟಿ ದಿನಾಂಕವಿರುವುದರ ಕಡೆಗೇ ವಾಲುತ್ತದೆ. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನೂ, ಐದು ಗಂಟೆಗಳ ದುಡಿಮೆಯೊಳಗೆ ಅರ್ಧ ಗಂಟೆಯ ಬಿಡುವನ್ನೂ ವಿಧಿಸಿತು. ಕಾಲವನ್ನು ಎಣಿಸಿದ ಈ ಕಾಯಿದೆ ಕಂಪನವನ್ನು ಎಣಿಸಲಿಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ೨೯ ಕಾಯಿಲೆಗಳ ಪಟ್ಟಿಯಿತ್ತು. ಸೀಸದ ವಿಷ, ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು ಇವೆಲ್ಲ ಅದರಲ್ಲಿ ಸೇರಿದ್ದವು; ಕಂಪನದ ಬಾಧೆಗೆ ಸ್ಥಾನವಿರಲಿಲ್ಲ. ಈ ಎರಡು ಕಾಯಿದೆಗಳನ್ನೂ ಒಳಗೊಳ್ಳುವಂತೆ ರೂಪಿಸಿದ ೨೦೨೦ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯೂ ಈ ವಿಷಯದಲ್ಲಿ ಹಿಂದಿನದನ್ನೇ ಅನುಸರಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೭೭ರಲ್ಲಿಯೇ ಗಾಳಿಯ ಮಾಲಿನ್ಯ, ಗದ್ದಲ ಮತ್ತು ಕಂಪನಗಳನ್ನು ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ೨೦೧೦ರ ರೋಗಪಟ್ಟಿಯಲ್ಲಿ ಕಂಪನದಿಂದ ಸ್ನಾಯು, ಮೂಳೆ, ಕೀಲು, ನರಗಳಿಗೆ ಆಗುವ ಬಾಧೆಗಳು ಸೇರಿವೆ. ಜರ್ಮನಿಯು ೧೯೯೩ರಲ್ಲಿ, ಕುಳಿತ ಸ್ಥಿತಿಯಲ್ಲಿ ಬಹುವರ್ಷ ಮೇಲೆಕೆಳಗಿನ ಕಂಪನಕ್ಕೊಳಗಾದವರ ಸೊಂಟದ ಬಿಲ್ಲೆಯ ಕಾಯಿಲೆಯನ್ನು ವೃತ್ತಿರೋಗವೆಂದು ಗುರುತಿಸಿತು.

ಪಟ್ಟಿಯಲ್ಲಿಲ್ಲದ ಕಾಯಿಲೆಯನ್ನು ಯಾರೂ ಕೇಳುವುದಿಲ್ಲ; ಕೇಳದುದನ್ನು ಯಾರೂ ಬರೆದಿಡುವುದಿಲ್ಲ; ಬರೆದಿಡದುದು ಪಟ್ಟಿಗೆ ಸೇರುವುದಿಲ್ಲ. ಈ ಸುತ್ತನ್ನು ಎಲ್ಲಿಯಾದರೂ ಕಡಿಯಬೇಕು. ಇಟಲಿಯ ವೈದ್ಯ ರಾಮಾಜೀನಿಯು ೧೭೦೦ರಲ್ಲಿ ಕಸುಬುದಾರರ ಕಾಯಿಲೆಗಳನ್ನು ಕುರಿತ ತನ್ನ ಗ್ರಂಥದಲ್ಲಿ, ರೋಗಿಯನ್ನು ಕೇಳುವ ವಾಡಿಕೆಯ ಪ್ರಶ್ನೆಗಳೊಡನೆ ಅವನ ಕಸುಬು ಯಾವುದೆಂಬುದನ್ನೂ ಕೇಳಬೇಕೆಂದು ವೈದ್ಯರಿಗೆ ಸೂಚಿಸಿದ್ದನು. ಸೊಂಟನೋವೆಂದು ಬಂದವರ ಚೀಟಿಯಲ್ಲಿ ಆ ಒಂದು ಉತ್ತರವನ್ನೂ, ಎಷ್ಟು ವರ್ಷ, ಯಾವ ವಾಹನ ಎಂಬುದನ್ನೂ ಬರೆದಿಟ್ಟರೆ ಇಪ್ಪತ್ತು ವರ್ಷಗಳ ಅನಂತರ ಅದೇ ಚರಿತ್ರೆಯ ಆಕರವಾಗುತ್ತದೆ.

೬. ಆಗಬೇಕಾದುದು

ನಿವಾರಣೆಯ ಮಾರ್ಗಗಳು ತಿಳಿಯದವಲ್ಲ. ರಸ್ತೆಯುಬ್ಬುಗಳು ನಿಯಮದ ಅಳತೆಯಲ್ಲಿರಬೇಕು. ಕಂಪನವನ್ನು ತಗ್ಗಿಸುವ ಆಸನಗಳನ್ನು ಅಳವಡಿಸಬೇಕು. ಆದರೆ ಆಸನವನ್ನು ಕೊಂಡು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬರಿಯ ದಪ್ಪ ಮೆತ್ತೆಯು ೪ ಹರ್ಟ್ಸ್ ಆಸುಪಾಸಿನ ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸುವುದುಂಟು. ತೂಕಕ್ಕೆ ಸರಿಯಾಗಿ ಹೊಂದಿಸದ ಸ್ಪ್ರಿಂಗು ಆಸನವು ದೊಡ್ಡ ಗುಂಡಿಯಲ್ಲಿ ತಳ ಮುಟ್ಟಿ ಇನ್ನೂ ಜೋರಾಗಿ ಗುದ್ದುತ್ತದೆ. ಒಂದೇ ಬಸ್ಸನ್ನು ಪಾಳಿಯ ಮೇಲೆ ಬೇರೆಬೇರೆಯವರು ನಡೆಸುವಾಗ ಪ್ರತಿಯೊಬ್ಬರೂ ತಮ್ಮ ತೂಕಕ್ಕೆ ಅದನ್ನು ತಿರುಗಿಸಿಕೊಳ್ಳಲು ತಿಳಿದಿರಬೇಕು, ಅದಕ್ಕೆ ಎರಡು ನಿಮಿಷದ ಅವಕಾಶವೂ ಇರಬೇಕು. ಟೈರಿನ ಗಾಳಿ, ಸ್ಪ್ರಿಂಗುಪಟ್ಟಿಗಳ ದುರಸ್ತಿ, ಪಾಳಿಯ ನಡುವೆ ಎದ್ದು ನಡೆದಾಡುವ ಬಿಡುವು ಇವು ಅಗ್ಗದ, ಆದರೆ ಫಲಕಾರಿಯಾದ ಕ್ರಮಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಇದೆ. ಅಳೆಯುವ ಕೆಲಸ ಅಂಥ ಸಂಸ್ಥೆಗಳದು. ಕೇಳಿ ಬರೆದಿಡುವ ಕೆಲಸದಲ್ಲಿ ನಮ್ಮ ಕಾಲೇಜುಗಳ ಇತಿಹಾಸ ಮತ್ತು ಸಮಾಜಶಾಸ್ತ್ರ ವಿಭಾಗಗಳಿಗೂ ಪಾಲಿದೆ. ಹೊರವಲಯದ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳ ತಂದೆಯೋ ಸೋದರಮಾವನೋ ಚಾಲಕನಾಗಿ ದುಡಿದವನು. ಅಂಥವರ ದುಡಿಮೆಯ ವರ್ಷಗಳು, ಮಾರ್ಗಗಳು, ವಾಹನಗಳು, ಕೆಲಸವನ್ನು ಬಿಟ್ಟ ಕಾರಣ—ಇವನ್ನು ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯನ್ನು ಪಡೆದು ಸಂಗ್ರಹಿಸುವುದು ವಿದ್ಯಾರ್ಥಿಗಳ ಶಕ್ತಿಗೆ ಮೀರಿದ ಕೆಲಸವಲ್ಲ. ಆಸನವನ್ನು ಬಿಟ್ಟುಹೋದವರ ಹೇಳಿಕೆ ಅದರಲ್ಲಿ ವಿಶೇಷವಾಗಿ ಬೇಕಾದುದು. ಕಂಪನದ ಪಾಲು ಎಷ್ಟು, ಉಳಿದ ಕಾರಣಗಳ ಪಾಲು ಎಷ್ಟು ಎಂಬುದನ್ನು ವೈದ್ಯಶಾಸ್ತ್ರವು ಮುಂದೆ ನಿರ್ಣಯಿಸಲಿ. ಆ ನಿರ್ಣಯಕ್ಕೆ ಬೇಕಾದ ಸಾಕ್ಷ್ಯವು ಈಗಿನ ಚಾಲಕರ ಜೊತೆಯಲ್ಲಿಯೇ ನಿವೃತ್ತವಾಗಿ ಮರೆಯಾಗದಂತೆ ನೋಡಿಕೊಳ್ಳುವುದು ಇತಿಹಾಸವನ್ನು ಓದುವವರ ಮತ್ತು ಕಲಿಸುವವರ ಹೊಣೆ.